ಮಿಲೆಯ ಮೆದೆ, ಮೋನೆಯ ಮೆದೆ

‘ಈ ಮೆದೆ ಒಟ್ಟಿದವನಿಗೆ ಪೂರ್ತಿ ಕೂಲಿ ಕೊಡಬಾರದು’ ಎಂದೆ.

ಮಗಳ ಮನೆಯ ಫ್ರಿಡ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮ್ಯಾಗ್ನೆಟ್ ಅದು. ಅದರ ಮೇಲೆ ಗುಡಿಸಲಿನಂಥ ಎರಡು ಆಕಾರ, ಸುತ್ತ ಹಿಮ. ನೆತ್ತಿ ಮಸುಕು ಮಸುಕು. ಅಂಚು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗೇ ಇಲ್ಲ. ಒಂದು ಜಡಿಮಳೆ ಬಂದರೆ ಒಳಗಿನ ತೆನೆಯೆಲ್ಲ ಮೊಳಕೆಯೊಡೆಯುತ್ತದೆ ಎಂದು ನನ್ನ ಲೆಕ್ಕ.

ಕಾಫಿ ಸೋಸುತ್ತಿದ್ದ ಮಗಳು ತಿರುಗಿ ನೋಡಿದಳು. ‘ಅಪ್ಪಾ, ಅದು ಫ್ರಾನ್ಸಿನ ವರ್ಣಚಿತ್ರಕಾರ ಮೋನೆಯ ಚಿತ್ರ. ಇದೇ ಸರಣಿಯ ಇನ್ನೊಂದು 2019ರ ಹರಾಜಿನಲ್ಲಿ 11 ಕೋಟಿ ಡಾಲರಿಗೆ ಹೋಯಿತು.’

‘ಒಕ್ಕಿದರೆ ಎಷ್ಟು ಪಲ್ಲ ಆಗುತ್ತದಂತೆ?’

ಅವಳು ನಗಲಿಲ್ಲ. ಶನಿವಾರ ಅಸಲು ಚಿತ್ರವನ್ನೇ ತೋರಿಸುತ್ತೇನೆ, ಎದುರಿಗೆ ನಿಂತು ಇದೇ ಮಾತು ಹೇಳು ನೋಡೋಣ ಎಂದಳು.

ನಾನು ಚಿತ್ರಕಲೆ ಓದಿದವನಲ್ಲ. ಕೃಷಿ ಇಲಾಖೆಯಲ್ಲಿ 34 ವರ್ಷ ದುಡಿದು, ಸಹಾಯಕ ಕೃಷಿ ಅಧಿಕಾರಿಯಾಗಿ ನಿವೃತ್ತನಾದವನು. ಅದಕ್ಕೂ ಮೊದಲು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾಗಿ ಬೆಳೆಯುವ ಮನೆಯ ಹುಡುಗ. ನಮ್ಮಪ್ಪ ಮೆದೆ ಒಟ್ಟುವುದರಲ್ಲಿ ಊರಿಗೇ ಹೆಸರಾಗಿದ್ದ. ಕೊಯ್ಲು ಮುಗಿದು, ಅರಿ ಒಣಗಿ, ಕಂತೆ ಕಟ್ಟಿ, ಕಣದ ಬದಿಗೆ ಸಾಗಿಸಿದ ಮೇಲೆ ಅಪ್ಪನಿಗೆ ಕರೆ ಬರುತ್ತಿತ್ತು. ತೆನೆ ಒಳಮುಖ, ಬುಡ ಹೊರಮುಖ. ಒಳಭಾಗ ಯಾವಾಗಲೂ ಅಂಚಿಗಿಂತ ಒಂದು ಕೈ ಎತ್ತರದಲ್ಲೇ ಇರಬೇಕು, ಇಲ್ಲದಿದ್ದರೆ ನೀರು ಒಳಕ್ಕೆ ಇಳಿಯುತ್ತದೆ. ಮೆದೆ ವಾಲಿದರೆ ಆ ವರ್ಷವಿಡೀ ಊರವರು ಒಟ್ಟಿದವನ ಹೆಸರು ಹೇಳಿ ನಗುತ್ತಿದ್ದರು. ಅಪ್ಪನ ಮೆದೆ ಒಂದೂ ವಾಲಿದ್ದನ್ನು ನಾನು ನೋಡಿಲ್ಲ. ಹೀಗಾಗಿ ಮೆದೆಯ ಚಿತ್ರ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ನೆತ್ತಿಗೆ, ಆಮೇಲೆ ಸೂರಿನ ಅಂಚಿಗೆ. ಬಣ್ಣ ಕಾಣುವುದು ಅದೆಷ್ಟೋ ಹೊತ್ತಿನ ನಂತರ.

ಇಲ್ಲಿ ಒಂದು ಮಾತಿನ ಜಗಳವನ್ನು ಮುಗಿಸಿಬಿಡುತ್ತೇನೆ. ನಮ್ಮ ಮನೆಯಲ್ಲಿ ತೆನೆಯ ಸಮೇತ ಒಟ್ಟಿದರೆ ಮೆದೆ, ಒಕ್ಕಿದ ಮೇಲೆ ಉಳಿದ ಹುಲ್ಲನ್ನು ಒಟ್ಟಿದರೆ ಬಣವೆ. ಪಕ್ಕದ ತಾಲ್ಲೂಕಿನವರು ಇದನ್ನು ಅದಲುಬದಲು ಮಾಡಿ ಹೇಳುತ್ತಾರೆ. ಅವರ ಬಳಿ ವಾದ ಮಾಡಿ ಪ್ರಯೋಜನವಿಲ್ಲ. ಇಂಗ್ಲಿಷಿನವರು ಮೋನೆಯ ಈ ಚಿತ್ರಗಳನ್ನು ‘ಹೇಸ್ಟ್ಯಾಕ್’ ಎಂದು ಕರೆದುಬಿಟ್ಟಿದ್ದಾರೆ, ಅಂದರೆ ದನಕ್ಕೆ ಹಾಕುವ ಒಣಹುಲ್ಲಿನ ಬಣವೆ. ಫ್ರೆಂಚಿನ ‘ಮ್ಯೂಲ್’ ಎಂಬುದಕ್ಕೆ ಬರೀ ಒಟ್ಟಿಲು ಎಂದಷ್ಟೇ ಅರ್ಥ. ಮೋನೆಯ ಮನೆಯ ಪಕ್ಕದ ಹೊಲದಲ್ಲಿ ಇದ್ದದ್ದು ಇನ್ನೂ ಒಕ್ಕದ ಗೋಧಿ, 15ರಿಂದ 20 ಅಡಿ ಎತ್ತರ, ಮೇಲೆ ಹುಲ್ಲಿನ ಹೊದಿಕೆ. ಅದು ಮೆದೆ. ರೈತನೊಬ್ಬನ ವರ್ಷದ ದುಡಿಮೆಯನ್ನು ದನದ ಮೇವು ಎಂದು ಕರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಶನಿವಾರ, ಮಗಳಿರುವ ಅಮೆರಿಕದ ಎಡಿಸನ್ ಊರಿನಿಂದ ರೈಲು ಹತ್ತಿ ನ್ಯೂಯಾರ್ಕಿಗೆ ಹೋದೆವು. ಮೆಟ್ರೊಪಾಲಿಟನ್ ಮ್ಯೂಸಿಯಂ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿ, ಐದನೇ ಅವೆನ್ಯೂ ಮೇಲಿದೆ. ಎದುರಿನ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ನನ್ನ ಎಡ ಮಂಡಿ ಮುಷ್ಕರ ಹೂಡಿತ್ತು. ಒಳಗೆ ಹತ್ತೊಂಬತ್ತನೇ ಶತಮಾನದ ಯುರೋಪಿನ ಚಿತ್ರಗಳೆಲ್ಲ ಎರಡನೇ ಮಹಡಿಯಲ್ಲಿ, ಕೋಣೆಯಿಂದ ಕೋಣೆಗೆ. ಮಗಳು ನೇರ ಮೋನೆಯತ್ತ ಹೊರಟಿದ್ದಳು. ನಾನು ದಾರಿಯಲ್ಲಿ ಒಂದು ಫಲಕದ ಮುಂದೆ ನಿಂತುಬಿಟ್ಟೆ, ಏಕೆಂದರೆ ಅಲ್ಲಿ ಇಂಗ್ಲಿಷಿನಲ್ಲಿ ‘ಮಿಲೆಟ್’ ಎಂದು ಬರೆದಿತ್ತು.

ಸಿರಿಧಾನ್ಯದ ಬಗ್ಗೆ ಏನೋ ಇರಬೇಕು ಎಂದುಕೊಂಡೆ. ಇಲಾಖೆಯಲ್ಲಿದ್ದಾಗ ಆ ಪದವನ್ನು ದಿನಕ್ಕೆ ಎಷ್ಟು ಸಲ ಬರೆದಿದ್ದೇನೋ! ಅದು ವರ್ಣಚಿತ್ರಕಾರನ ಹೆಸರು, ಝಾನ್ ಫ್ರಾಂಸ್ವಾ ಮಿಲೆ, ಕೊನೆಯ ಅಕ್ಷರ ಉಚ್ಚರಿಸುವುದಿಲ್ಲ ಎಂದು ಮಗಳು ತಿದ್ದಿದಳು. ತಲೆಯೆತ್ತಿ ನೋಡಿದರೆ ಮೂರು ಮೆದೆಗಳು.

ಎಂಥ ಮೆದೆಗಳು! ಚಿತ್ರ ದೊಡ್ಡದೇನಲ್ಲ, ಸುಮಾರು 85 ಸೆಂಟಿಮೀಟರ್ ಎತ್ತರ, 110 ಅಗಲ. ಆದರೆ ಆ ಮೂರೂ ಆನೆ ಕೂತ ಹಾಗೆ ಕೂತಿವೆ. ಹೊಟ್ಟೆ ಉಬ್ಬಿದೆ, ಬೆನ್ನು ಕುಸಿದಿದೆ. ಮೇಲಿನ ಭಾರಕ್ಕೆ ಕೆಳಗಿನ ಕಂತೆಗಳು ಕುಗ್ಗಿ ಪಕ್ಕಕ್ಕೆ ಬಿರಿದಂತೆ ಕಾಣುತ್ತದೆ. ಒಟ್ಟಿ ಕೆಲವು ವಾರ ಕಳೆದ ಮೆದೆ ಹಾಗೆಯೇ ಇಳಿಯುತ್ತದೆ. ಅದನ್ನು ನೋಡಿದವನಿಗೆ ಮಾತ್ರ ಹೀಗೆ ಬರೆಯಲು ಬರುತ್ತದೆ. ಮುಂದೆ ಕೂಳೆಯಲ್ಲಿ ಕುರಿಮಂದೆ ಮೇಯುತ್ತಿದೆ. ಕುರಿಗಾಹಿ ಇದ್ದಾನೆ, ಹೆಬ್ಬೆರಳಿನಷ್ಟು. ಹಿಂದೆ ಬಯಲು, ದೂರದಲ್ಲಿ ಬಾರ್ಬಿಝಾನ್ ಎಂಬ ಹಳ್ಳಿಯ ಮನೆಗಳ ಸೂರು. ಅದರ ಮೇಲೆ ಕರಿಮೋಡ ಕವಿದ ಆಕಾಶ, ಮೆದೆಗಳ ಮೇಲೆ ಮಾತ್ರ ಎಲ್ಲಿಂದಲೋ ಬಿದ್ದ ಬೆಳಕು.

ಆ ಮೋಡ ನೋಡಿ ನನಗೆ ನಿಜಕ್ಕೂ ಎದೆ ಧಸಕ್ಕೆಂದಿತು. ಕೊಯ್ಲಿನ ನಂತರದ ಮೋಡ ಎಂದರೆ ಏನೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರಿಗಳನ್ನು ಕಂಡಾಗ ಸ್ವಲ್ಪ ಸಮಾಧಾನವಾಯಿತು. ಕೂಳೆಗೆ ಕುರಿ ಇಳಿದಿದೆ ಎಂದರೆ ಬಿದ್ದ ತೆನೆ ಆಯುವವರೂ ಬಂದು ಹೋಗಿದ್ದಾರೆ, ಹೊಲದ ಲೆಕ್ಕ ಪೂರ್ತಿ ಮುಗಿದಿದೆ ಎಂದು ಅರ್ಥ. ಶಿರಾದ ಕಡೆಯ ಕುರುಬರು ಸುಗ್ಗಿಯ ನಂತರ ನಮ್ಮ ಹೊಲದಲ್ಲೂ ಮಂದೆ ನಿಲ್ಲಿಸುತ್ತಿದ್ದರು. ರಾತ್ರಿಯೆಲ್ಲ ಕುರಿ ಹಿಕ್ಕೆ ಹಾಕಿ ಗಂಜಲ ಸುರಿಸಿದ ನೆಲದಲ್ಲಿ ಮುಂದಿನ ವರ್ಷದ ಪೈರೇ ಬೇರೆ. ಅದಕ್ಕೆ ಪ್ರತಿಯಾಗಿ ಅಪ್ಪ ಅವರಿಗೆ ರಾಗಿ ಅಳೆದು ಕೊಡುತ್ತಿದ್ದ. ಆ ಕುರಿಗಾಹಿಗೆ ಅಲ್ಲಿಯ ರೈತ ಏನು ಕೊಡುತ್ತಿದ್ದನೋ, ಚಿತ್ರದಲ್ಲಿ ಅದು ಕಾಣುವುದಿಲ್ಲ. ಆದರೆ ಕೇಳಬೇಕು ಅನಿಸುವಷ್ಟು ಆ ಮನುಷ್ಯ ಅಲ್ಲಿದ್ದಾನೆ.

ಮಗಳು ಫೋನಿನಲ್ಲಿ ಓದಿ ಹೇಳುತ್ತಾ ಹೋದಳು. ಮಿಲೆ ಹುಟ್ಟಿದ್ದು 1814ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಕಡಲತೀರದ ಗ್ರೂಶಿ ಎಂಬ ಪುಟ್ಟ ಊರಿನಲ್ಲಿ, ರೈತರ ಮನೆಯಲ್ಲಿ. ಹುಡುಗನಾಗಿದ್ದಾಗ ಹೊಲದಲ್ಲಿ ಗೇಯ್ದವನು. 1849ರಲ್ಲಿ ಪ್ಯಾರಿಸ್ ಬಿಟ್ಟು ಫಾಂಟೆನ್‌ಬ್ಲೊ ಕಾಡಿನ ಅಂಚಿನ ಬಾರ್ಬಿಝಾನಿಗೆ ಬಂದು ನೆಲೆಸಿದ. ಅವನಿಗಿಂತ ಮೊದಲೇ ಅಲ್ಲಿಗೆ ಬಂದಿದ್ದ ಚಿತ್ರಕಾರ ತೆಯೊಡೋರ್ ರೂಸೊ ಮೊದಲಾದವರ ಜೊತೆ ಸೇರಿಸಿ ಅವನನ್ನು ಬಾರ್ಬಿಝಾನ್ ಪಂಥದವನು ಎನ್ನುತ್ತಾರೆ, ವಾಸ್ತವವಾದಿ ಎಂದೂ ಕರೆಯುತ್ತಾರೆ. ಅಲ್ಲಿಯವರೆಗೆ ಫ್ರಾನ್ಸಿನ ದೊಡ್ಡ ಚಿತ್ರಶಾಲೆಗಳ ಕಣ್ಣಿನಲ್ಲಿ ಹೊಲ, ಮರ, ಗುಡ್ಡ ಎಂದರೆ ಪುರಾಣದ ದೇವತೆಗಳು ನಿಲ್ಲಲು ಬೇಕಾದ ಹಿಂಪರದೆ. ಇವರು ದೇವತೆಗಳನ್ನು ಆಚೆಗೆ ಕಳಿಸಿ ಹೊಲವನ್ನೇ ಉಳಿಸಿಕೊಂಡರು.

ಈ ಚಿತ್ರದ ಹೆಸರು ‘ಮೆದೆಗಳು: ಶರತ್ಕಾಲ’. ಫ್ರೆಡೆರಿಕ್ ಹಾರ್ಟ್‌ಮನ್ ಎಂಬ ಕೈಗಾರಿಕೋದ್ಯಮಿ 1868ರಲ್ಲಿ ನಾಲ್ಕು ಋತುಗಳ ನಾಲ್ಕು ಚಿತ್ರ ಬೇಕೆಂದು ಕೇಳಿದ್ದ. ಮಿಲೆ ಏಳು ವರ್ಷ ಅವನ್ನು ಮುಟ್ಟುತ್ತಾ ಬಿಡುತ್ತಾ ಇದ್ದ. ಕಾಮನಬಿಲ್ಲಿನ ವಸಂತ ಈಗ ಪ್ಯಾರಿಸಿನಲ್ಲಿದೆ, ಬೇಸಿಗೆಯದು ಬಾಸ್ಟನ್ನಿನಲ್ಲಿ, ಸೌದೆ ಆಯುವವರ ಚಳಿಗಾಲ ವೇಲ್ಸಿನ ಕಾರ್ಡಿಫಿನಲ್ಲಿ. ಚಳಿಗಾಲವನ್ನು ಅವನಿಗೆ ಮುಗಿಸಲಾಗಲಿಲ್ಲ. 1875ರ ಜನವರಿಯಲ್ಲಿ ತೀರಿಕೊಂಡ.

ನಾನು ಹತ್ತಿರ ಹೋದೆ, ಕಾವಲಿನವನು ಕೆಮ್ಮುವಷ್ಟು ಹತ್ತಿರ. ಆಗ ಕಂಡದ್ದು ವಿಚಿತ್ರ. ಅಲ್ಲಲ್ಲಿ ಬಣ್ಣವೇ ಇಲ್ಲ! ಕ್ಯಾನ್ವಾಸಿಗೆ ಮೊದಲು ಬಳಿದ ಕಂದು ಮಿಶ್ರಿತ ಗುಲಾಬಿ ನೇರಳೆಯ ಲೇಪ ಹಾಗೇ ಬಿಟ್ಟುಹೋಗಿದೆ. ಕುರಿಗಳ ಸುತ್ತ, ಮೆದೆಗಳ ಅಂಚಿನಲ್ಲಿ ಮೊದಲು ಗೀಚಿಕೊಂಡ ರೇಖೆಗಳು ಕಣ್ಣಿಗೆ ಬೀಳುತ್ತವೆ. ಮರೆತು ಬಿಟ್ಟದ್ದಲ್ಲ ಎಂದು ಮಗಳು ಹೇಳಿದಳು. ಕೊನೆಗಾಲದಲ್ಲಿ ಅವನು ಬೇಕೆಂದೇ ಹೀಗೆ ಬಿಡುತ್ತಿದ್ದನಂತೆ. ನೆಲ ಸಾರಿಸುವಾಗ ಅವ್ವ ಅಲ್ಲಲ್ಲಿ ಮಣ್ಣು ಇಣುಕಲು ಬಿಟ್ಟಿದ್ದರೆ ನಾವು ಒಪ್ಪುತ್ತಿದ್ದೆವೇ? ಆದರೂ ಎರಡು ಹೆಜ್ಜೆ ಹಿಂದೆ ಬಂದರೆ ಆ ಗುಲಾಬಿಯೇ ಸಂಜೆಯ ಕೂಳೆಯ ಬಣ್ಣವಾಗಿ ಕೂಡಿಕೊಳ್ಳುತ್ತದೆ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಮ್ಯೂಸಿಯಂನವರು ಈ ಚಿತ್ರಕ್ಕೆ ಕೊಡುವ ಕಾಲ ಸುಮಾರು 1874. ಅದೇ ವರ್ಷ ಏಪ್ರಿಲ್‌ನಲ್ಲಿ ಪ್ಯಾರಿಸಿನಲ್ಲಿ, ಫೋಟೋಗ್ರಾಫರ್ ನದಾರ್ ಬಳಸುತ್ತಿದ್ದ ಹಳೆಯ ಸ್ಟುಡಿಯೋದಲ್ಲಿ, ಮೋನೆ ಮತ್ತು ಗೆಳೆಯರು ತಮ್ಮ ಮೊದಲ ಪ್ರದರ್ಶನ ಇಟ್ಟರು. ಮೋನೆಯ ಸೂರ್ಯೋದಯದ ಚಿತ್ರ ಕಂಡು ಲೂಯಿ ಲೆರ್ವಾ ಎಂಬ ಪತ್ರಕರ್ತ, ಗೋಡೆಗೆ ಅಂಟಿಸುವ ಕಾಗದ ಕೂಡ ಅರೆಬರೆ ಇದ್ದಾಗಲೇ ಇದಕ್ಕಿಂತ ಹೆಚ್ಚು ಮುಗಿದಿರುತ್ತದೆ ಎಂದು ಗೇಲಿ ಮಾಡಿದ. ಚಿತ್ರದ ಹೆಸರಿನಲ್ಲಿದ್ದ ‘ಇಂಪ್ರೆಶನ್’ ಎಂಬ ಮಾತನ್ನೇ ಹಿಡಿದು ಅಣಕಿಸಿ ಅವರಿಗೆಲ್ಲ ಇಂಪ್ರೆಶನಿಸ್ಟರು ಎಂಬ ಹೆಸರು ಅಂಟಿಸಿದ. ಮೂವತ್ತಮೂರು ವರ್ಷದವನನ್ನು ಅರ್ಧಂಬರ್ಧ ಬಿಟ್ಟಿದ್ದಾನೆ ಎಂದು ಊರೆಲ್ಲ ನಗುತ್ತಿದ್ದಾಗ, ಅರವತ್ತರ ಹತ್ತಿರದ ಮುದುಕ ಹಳ್ಳಿಯಲ್ಲಿ ಕುಳಿತು ತನ್ನ ಕ್ಯಾನ್ವಾಸನ್ನು ಬೇಕೆಂದೇ ಅಲ್ಲಲ್ಲಿ ಖಾಲಿ ಬಿಡುತ್ತಿದ್ದ. ಇವರದು ಒಂದು ಪಂಥ, ಅವರದು ಇನ್ನೊಂದು, ನಡುವೆ ಬದು ಹಾಕಿದೆ ಎಂದು ಪುಸ್ತಕಗಳು ಹೇಳುತ್ತವೆ. ಬದುವಿನ ಕೆಳಗೆ ನೀರು ಆ ಕಡೆಯಿಂದ ಈ ಕಡೆಗೆ ಹರಿಯುತ್ತಲೇ ಇತ್ತು ಎಂದು ನನಗನಿಸುತ್ತದೆ.

ಊರುಗಳ ವಿಷಯದಲ್ಲೂ ಅದಲುಬದಲು. ನಾರ್ಮಂಡಿಯ ರೈತನ ಮಗ ಮಿಲೆ ಪ್ಯಾರಿಸಿನ ಆಚೆಯ ಬಯಲಿನ ಮೆದೆ ಬರೆದ. ಪ್ಯಾರಿಸಿನಲ್ಲಿ ಹುಟ್ಟಿದ ಮೋನೆ ನಾರ್ಮಂಡಿಯ ಮೆದೆ ಬರೆದ.

ಕೆಲವು ಕೋಣೆಗಳಾಚೆ ಮಗಳ ಮ್ಯಾಗ್ನೆಟ್ಟಿನ ಅಸಲು ಸಿಕ್ಕಿತು. ‘ಮೆದೆಗಳು, ಹಿಮ ಮತ್ತು ಬಿಸಿಲಿನ ಪರಿಣಾಮ’, 1891. ಮಿಲೆಯದಕ್ಕಿಂತ ಸಣ್ಣದು, 65 ಸೆಂಟಿಮೀಟರ್ ಎತ್ತರ, 92 ಅಗಲ. ಸಕ್ಕರೆ ಉದ್ಯಮದ ಹ್ಯಾವ್‌ಮೇಯರ್ ಕುಟುಂಬದ ಸಂಗ್ರಹದಿಂದ 1929ರಲ್ಲಿ ಮ್ಯೂಸಿಯಂಗೆ ಬಂದದ್ದು. ಗೋಧಿಯ ಮೆದೆಯನ್ನು ಕಬ್ಬಿನ ದುಡ್ಡು ಕೊಂಡಿತು ಎಂದೆ. ಮಗಳು ಕಣ್ಣರಳಿಸಿದಳು, ಅವಳ ಸಹನೆ ಮುಗಿಯುತ್ತಿತ್ತು.

ಮೊದಲ ಐದು ನಿಮಿಷ ನನಗೆ ಏನೂ ಹಿಡಿಸಲಿಲ್ಲ. ಮನುಷ್ಯನಿಲ್ಲ, ದನವಿಲ್ಲ, ಒಂದು ಕಾಗೆ ಕೂಡ ಇಲ್ಲ. ಎತ್ತರ ಅಳೆಯಲು ಪಕ್ಕದಲ್ಲಿ ಏನೂ ಇಲ್ಲದ್ದರಿಂದಲೇ ಫ್ರಿಡ್ಜಿನ ಮೇಲೆ ಅದು ನನಗೆ ಗುಡಿಸಲಿನಂತೆ ಕಂಡದ್ದು. ಮಿಲೆಯ ಮೆದೆ ನೆಲವನ್ನು ಒತ್ತುತ್ತದೆ. ಇದು ನೆಲದ ಮೇಲೆ ಇದೆಯೋ ಇಲ್ಲವೋ ಎಂಬಂತಿದೆ. ಹತ್ತಿರ ಹೋದರೆ ಇಲ್ಲಿ ಖಾಲಿ ಜಾಗವೆಂಬುದೇ ಇಲ್ಲ; ಬಣ್ಣದ ಮೇಲೆ ಬಣ್ಣ, ಒಣಗಿದ ಮೇಲೆ ಇನ್ನೊಂದು, ಹಳೆಯ ಗೋಡೆಯ ಸುಣ್ಣದ ಹಾಗೆ ದಪ್ಪ. ಹಿಮ ಬಿಳಿ ಎಂದು ಹೇಳಿದವರಾರು? ಗುಲಾಬಿ, ತೆಳು ಹಳದಿ, ನೇರಳೆ, ಎಲ್ಲ ಇವೆ. ನೆರಳಂತೂ ಅಪ್ಪಟ ನೀಲಿ. ನೆರಳು ಕಪ್ಪಗಿರಬೇಕು, ಹೆಚ್ಚೆಂದರೆ ಬೂದು. ರಾಬಿನ್ ನೀಲಿ ಹಾಕಿ ತೊಳೆದ ಪಂಚೆಯಂಥ ನೆರಳು ಎಲ್ಲಿಯಾದರೂ ಉಂಟೇ? ಇದು ಚಿತ್ರಕಾರನ ಚಪಲ ಎಂದು ಗಟ್ಟಿಯಾಗಿಯೇ ಹೇಳಿದೆ.

ಹಾಗೆ ಹೇಳಿದವರಲ್ಲಿ ನಾನು ಮೊದಲಿಗನಲ್ಲವಂತೆ. ಕ್ಯಾಂಡಿನ್ಸ್ಕಿ ಎಂಬ ರಷ್ಯಾದವನು, ಕಾನೂನು ಓದಿದವನು, ಹಳ್ಳಿಗಳಿಗೆ ಹೋಗಿ ರೈತರ ನ್ಯಾಯಪದ್ಧತಿಯನ್ನು ಅಧ್ಯಯನ ಮಾಡಿದವನು, ಮಾಸ್ಕೋದ ಪ್ರದರ್ಶನವೊಂದರಲ್ಲಿ ಮೋನೆಯ ಮೆದೆ ನೋಡಿ ಅದು ಏನೆಂದೇ ತಿಳಿಯದೆ ಪಟ್ಟಿಯಲ್ಲಿ ಹೆಸರು ಹುಡುಕಿದನಂತೆ. ಇಷ್ಟು ಅಸ್ಪಷ್ಟವಾಗಿ ಬರೆಯಲು ಇವನಿಗೇನು ಹಕ್ಕು ಎಂದು ಅವನಿಗೂ ಸಿಟ್ಟು ಬಂತಂತೆ. ಆಮೇಲೆ ಆ ಚಿತ್ರ ತಲೆಯಿಂದ ಹೋಗಲಿಲ್ಲ. ಕಾನೂನು ಬಿಟ್ಟು ಚಿತ್ರಕಾರನಾಗಿ, ಕೊನೆಗೆ ಯಾವ ವಸ್ತುವೂ ಇಲ್ಲದ ಚಿತ್ರಗಳನ್ನೇ ಬರೆದ. ನನಗೆ ಆ ಭಯವಿಲ್ಲ, ವಯಸ್ಸಾಗಿದೆ.

ಒಂದು ಬೆಂಚಿನ ಮೇಲೆ ಕೂತು ಮಗಳು ಕಥೆ ಹೇಳಿದಳು. ಮೋನೆ 1883ರಿಂದ ನಾರ್ಮಂಡಿಯ ಜಿವೆರ್ನಿ ಎಂಬ ಹಳ್ಳಿಯಲ್ಲಿ ಬಾಡಿಗೆಗಿದ್ದು, 1890ರಲ್ಲಿ ಆ ಮನೆಯನ್ನೇ ಕೊಂಡ. ಅದೇ ವರ್ಷ ಬೇಸಿಗೆಯ ಕೊನೆಗೆ ಪಕ್ಕದ ಹೊಲದ ಮೆದೆಗಳನ್ನು ಬರೆಯಲು ಶುರು ಮಾಡಿದ. ಬಿಸಿಲಿಗೊಂದು, ಮೋಡಕ್ಕೊಂದು, ಎರಡು ಕ್ಯಾನ್ವಾಸ್ ಸಾಕೆಂದುಕೊಂಡಿದ್ದ. ಬೆಳಕು ಬದಲಾದಂತೆಲ್ಲ ಮಲಮಗಳು ಬ್ಲಾಂಶಳನ್ನು ಮನೆಗೆ ಓಡಿಸಿ ಇನ್ನೊಂದು, ಮತ್ತೊಂದು ಕ್ಯಾನ್ವಾಸ್ ತರಿಸಿಕೊಂಡ. ಹೀಗೆ ಬೆಳಿಗ್ಗೆ, ಸಂಜೆ, ಮಂಜು, ಹಿಮ ಎಂದು ಸುಮಾರು 25 ಚಿತ್ರಗಳಾದವು. ಹೊರಗೆ ಶುರುವಾದದ್ದನ್ನು ಮನೆಯೊಳಗೆ ಕೂತು ತಿದ್ದಿದ್ದೂ ಉಂಟು. 1891ರ ಮೇ ತಿಂಗಳಲ್ಲಿ ಪ್ಯಾರಿಸಿನ ಡ್ಯುರಾಂ ರ‍್ಯುಯೆಲ್ ಗ್ಯಾಲರಿಯಲ್ಲಿ ಅವುಗಳಲ್ಲಿ 15 ಒಟ್ಟಿಗೆ ತೂಗುಬಿದ್ದವು.

ಬೇಸಿಗೆಯ ಕೊನೆಯ ಮೆದೆ ಹಿಮದಲ್ಲಿ ಏಕೆ ಇನ್ನೂ ಇದೆ? ಇದನ್ನು ಕೇಳಿದ್ದು ನಾನು, ಮಗಳಲ್ಲ. ಉತ್ತರ ಸಿಕ್ಕಾಗ ನನಗೆ ಆದ ಸಂತೋಷವನ್ನು ಹೇಳಲಾರೆ. ಆ ಸೀಮೆಯಲ್ಲಿ ಒಕ್ಕಣೆ ಯಂತ್ರಗಳು ಊರೂರು ತಿರುಗುತ್ತಿದ್ದವು. ಯಂತ್ರ ತಮ್ಮೂರಿಗೆ ಬರುವವರೆಗೆ ರೈತರು ಕಾಯಬೇಕು, ಒಮ್ಮೊಮ್ಮೆ ಮುಂದಿನ ವಸಂತದವರೆಗೂ. ಅಷ್ಟು ದಿನ ತೆನೆ ಕೆಡದಿರಲಿ ಎಂದೇ ಆ ದಪ್ಪ ಹುಲ್ಲಿನ ಸೂರು. ಅಂದರೆ ನಾನು ಫ್ರಿಡ್ಜಿನ ಮುಂದೆ ಬೈದ ಕೆಲಸಗಾರ ಒಳ್ಳೆಯ ಕೆಲಸಗಾರನೇ; ನಾಲ್ಕಾರು ತಿಂಗಳು ಮಳೆ ಹಿಮ ತಡೆಯುವಂತೆ ಒಟ್ಟಿದ್ದ. ಆ ಯಂತ್ರ ಸೆಪ್ಟೆಂಬರಿನಲ್ಲೇ ಬಂದಿದ್ದರೆ ಈ ಹಿಮದ ಚಿತ್ರ ಇರುತ್ತಲೇ ಇರಲಿಲ್ಲ. ನಮ್ಮ ಹೋಬಳಿಯಲ್ಲಿ ಬಾಡಿಗೆ ಯಂತ್ರ ಬರಲಿಲ್ಲವೆಂದು ರೈತರು ಕಚೇರಿಯ ಮುಂದೆ ಕೂಗಾಡಿದ ದಿನಗಳು ನೆನಪಾದವು. ಆಗ ಯಾವ ಮೋನೆಯೂ ಆ ದಾರಿಯಲ್ಲಿ ಬರಲಿಲ್ಲ.

ಆದರೆ ಚಿತ್ರದಲ್ಲಿ ಆ ಕಾಯುವಿಕೆ ಎಲ್ಲಿದೆ? ಅದೇ ನನ್ನ ತಕರಾರು. ಮಿಲೆಗೆ ಮೆದೆ ಎಂದರೆ ದುಡಿದವರ ಸುಗ್ಗಿ. ಮೋನೆಗೆ ಅದು ಬೆಳಕು ಬಂದು ಬೀಳಲು ಸಿಕ್ಕ ಒಂದು ಗೋಡೆ. ಅವನ ಹಟದ ಇನ್ನೊಂದು ಕಥೆ ಕೇಳಿ. 1891ರಲ್ಲಿ ನದೀತೀರದ ಪಾಪ್ಲರ್ ಮರಗಳನ್ನು ಬರೆಯುತ್ತಿದ್ದಾಗ ಊರವರು ಅವನ್ನು ಕಡಿಯಲು ಹರಾಜು ಹಾಕಿದರು. ಚಿತ್ರ ಮುಗಿಯುವವರೆಗೆ ಮರ ನಿಂತಿರಲಿ ಎಂದು ಮೋನೆ ಮರದ ವ್ಯಾಪಾರಿಗೆ ದುಡ್ಡು ಕೊಟ್ಟ. ಚಿತ್ರ ಮುಗಿದ ಮೇಲೆ? ಮೇಲೆ ಏನು, ಕೊಡಲಿ ಏಟು. ಅದಕ್ಕೂ ಎರಡು ವರ್ಷ ಮೊದಲು ಒಂದು ಓಕ್ ಮರವನ್ನು ಚಳಿಗಾಲದ ಚಿತ್ರವೆಂದು ಶುರು ಮಾಡಿ, ಮುಗಿಸುವಷ್ಟರಲ್ಲಿ ಚಿಗುರು ಬಂತೆಂದು, ಮಾಲೀಕನಿಗೆ ಹಣ ಕೊಟ್ಟು ಎಲೆಗಳನ್ನೆಲ್ಲ ಕೀಳಿಸಿದ್ದ. ಇಂಥವನಿಗೆ ರೈತನ ಕಷ್ಟ ಗೊತ್ತೇ ಎಂದೆ.

‘ನಿನಗೆ ಗೊತ್ತೇ?’ ಎಂದಳು ಮಗಳು.

ಫೋನಿನಲ್ಲಿ ಮಿಲೆಯ ಇನ್ನೊಂದು ಚಿತ್ರ ತೆಗೆದಳು. 1857ರದು, ಈಗ ಪ್ಯಾರಿಸಿನ ಒರ್ಸೆ ಮ್ಯೂಸಿಯಂನಲ್ಲಿದೆ. ಮೂವರು ಹೆಂಗಸರು ಹಕ್ಕಲು, ಅಂದರೆ ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದ ತೆನೆ, ಆಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಪುಸ್ತಕದ ಪದವಿದೆ. ನಮಗೆ ಹಕ್ಕಲು ಎಂದರೆ ಸಾಕು, ಸೊಂಟ ನೋಯುತ್ತದೆ. ಇಬ್ಬರು ಬಾಗಿದ್ದಾರೆ, ಮೂರನೆಯವಳು ಅರ್ಧ ಎದ್ದಿದ್ದಾಳೆ, ಮುಖಗಳು ಸರಿಯಾಗಿ ಕಾಣುವುದಿಲ್ಲ. ಅವರ ಹಿಂದೆ ಬಿಸಿಲಿನಲ್ಲಿ ಬೆಟ್ಟದಂಥ ಮೆದೆಗಳು, ತುಂಬಿದ ಗಾಡಿ, ಅವರಿಗೆ ಸೇರದ ಗೋಧಿ. ಇದನ್ನು ಕಂಡು ಪ್ಯಾರಿಸಿನ ಕೆಲವು ವಿಮರ್ಶಕರಿಗೆ 1793ರ ಫ್ರೆಂಚ್ ಕ್ರಾಂತಿಯ ದಿನಗಳ ಭರ್ಚಿಗಳು ಕಣ್ಣೆದುರು ಬಂದವಂತೆ. ಮೂವರು ಬಡ ಹೆಂಗಸರು ಬಾಗಿ ತೆನೆ ಆಯ್ದರೆ ಉಳ್ಳವರು ನಡುಗಿದರು!

‘ನೋಡು, ಇದು ಚಿತ್ರ’ ಎಂದೆ ನಾನು.

‘ಸರಿ. ಇದರಲ್ಲಿ ನೀನು ಎಲ್ಲಿದ್ದೀಯ, ತೋರಿಸು.’

ನಾನು ಆ ಹೆಂಗಸರ ಕಡೆ ಬೆರಳಿಟ್ಟೆ. ಅವಳು ಚಿತ್ರವನ್ನು ದೊಡ್ಡದು ಮಾಡಿ, ಬಲಗಡೆ ದೂರದಲ್ಲಿ ಕುದುರೆಯ ಮೇಲೆ ಕುಳಿತ ಸಣ್ಣ ಆಕೃತಿಯೊಂದನ್ನು ತೋರಿಸಿದಳು. ಕೊಯ್ಲಿನ ಮೇಲ್ವಿಚಾರಣೆಗೆ ಬಂದವನು. ‘ನೀನು ಜೀಪಿನಲ್ಲಿ ಹೋಗುತ್ತಿದ್ದೆ, ಅಷ್ಟೇ ವ್ಯತ್ಯಾಸ’ ಎಂದಳು.

ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ. ನಮ್ಮ ಹೊಲಕ್ಕೆ ಹಕ್ಕಲಿಗೆ ಬರುತ್ತಿದ್ದವರು ಕೆರೆಯ ಆಚೆಯ ಕೇರಿಯವರು. ಕಂತೆಗಳನ್ನು ಸಾಗಿಸುವ ಮುನ್ನವೇ ಇಳಿದರೆ ಅವ್ವ ಬದುವಿನ ಮೇಲೆ ನಿಂತು ಗದರಿಸಿ ಓಡಿಸುತ್ತಿದ್ದಳು, ಮಣ್ಣಿನ ಹೆಂಟೆಯನ್ನೂ ಎಸೆಯುತ್ತಿದ್ದಳು. ನಾನೂ ಒಂದೆರಡು ಎಸೆದಿದ್ದೇನೆ. ಆಗ ಅದು ಆಟ. ಆಯ್ದ ಹೆಂಗಸರ ಮುಖ ಒಂದೂ ನೆನಪಿಲ್ಲ ನನಗೆ. ಮಿಲೆ ಅವರ ಮುಖಗಳನ್ನು ಹಾಗೆ ಏಕೆ ಮರೆಮಾಡಿದನೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ವಾಪಸು ರೈಲಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಅವಳಿಗೆ ಮೋನೆ, ನನಗೆ ಮಿಲೆ ಎಂಬ ತೀರ್ಪು ಹಾಗೇ ಉಳಿಯಿತು. ನೀಲಿ ನೆರಳಿನ ವಿಷಯದಲ್ಲಂತೂ ನಾನು ಒಂದಿಂಚೂ ಕದಲಲಿಲ್ಲ.

ಹನ್ನೊಂದು ದಿನ ಕಳೆದಿರಬೇಕು. ರಾತ್ರಿಯೆಲ್ಲ ಹಿಮ ಬಿದ್ದು, ಮರುದಿನ ಆಕಾಶ ತೊಳೆದ ಹಾಗೆ ಶುಭ್ರವಾಗಿತ್ತು. ಅವತ್ತು ಕಸದ ಗಾಡಿ ಬರುವ ದಿನ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಖಾಲಿಯಾದ ಡಬ್ಬಿಗಳನ್ನು ಒಳಗೆ ತರೋಣವೆಂದು ಅಳಿಯನ ದಪ್ಪ ಕೋಟು ಹಾಕಿಕೊಂಡು ಹೊರಗೆ ಹೋದೆ. ಎರಡು ಡಬ್ಬಿಗಳು ರಸ್ತೆಯ ಅಂಚಿನಲ್ಲಿ ನಿಂತಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು, ಎರಡರ ತಲೆಯ ಮೇಲೂ ಹಿಮ. ಅವುಗಳ ನೆರಳು ಹುಲ್ಲುಹಾಸಿನ ಮೇಲೆ ಉದ್ದಕ್ಕೆ ಚಾಚಿತ್ತು.

ನೀಲಿ.

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅಂಚಿನಲ್ಲಿ ತುಸು ನೇರಳೆ, ನಡುವೆ ಅಪ್ಪಟ ನೀಲಿ, ಬಿಸಿಲು ಬಿದ್ದಲ್ಲಿ ಹಿಮ ಬೆಣ್ಣೆಯ ಹಳದಿ. ನಿಂತಲ್ಲೇ ಯೋಚಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು. ಡಬ್ಬಿ ತಡೆದದ್ದು ಸೂರ್ಯನ ನೇರ ಬೆಳಕನ್ನು ಮಾತ್ರ. ಆ ಜಾಗಕ್ಕೆ ಮೇಲಿನ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ, ಹಿಮಕ್ಕೆ ತನ್ನದೇ ಬಣ್ಣವಿಲ್ಲವಾದ್ದರಿಂದ ಬಿದ್ದದ್ದನ್ನೇ ತೋರಿಸುತ್ತದೆ. ನಮ್ಮ ಕೆಂಪುಮಣ್ಣಿನ ಮೇಲೆ ಇದು ಕಾಣುವುದು ಕಷ್ಟ. ಅರವತ್ತೇಳು ವರ್ಷ ನಾನು ನೋಡಿದ ನೆರಳುಗಳೆಲ್ಲ ಮಣ್ಣಿನ ಮೇಲೆ ಬಿದ್ದವು. ಅಷ್ಟರಿಂದಲೇ ನೆರಳೆಂದರೆ ಇಷ್ಟೇ ಎಂದು ತೀರ್ಮಾನಿಸಿ, ಆ ಮನುಷ್ಯನನ್ನು ಚಪಲದವನು ಎಂದಿದ್ದೆ.

ಬಾಗಿಲಿಗೆ ಓಡಿದೆ, ಓಡಿದೆ ಎಂದರೆ ಮಂಡಿ ಬಿಟ್ಟಷ್ಟು. ‘ಬೇಗ ಬಾ, ಹೊರಗೆ ಬಾ’ ಎಂದು ಕೂಗಿದೆ. ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಚೇರಿಯವರ ಜೊತೆ ಮೀಟಿಂಗಿನಲ್ಲಿದ್ದಳು. ಕೈಯೆತ್ತಿ ಐದು ಬೆರಳು ತೋರಿಸಿದಳು. ನಾನು ಮತ್ತೆ ಹೊರಗೆ ಬಂದು ಕಾವಲು ನಿಂತೆ. ಹೆಂಟೆ ಹಿಡಿದು ಕಾಗೆ ಕಾಯುವ ಹುಡುಗನ ಹಾಗೆ. 1890ರ ಅಕ್ಟೋಬರಿನಲ್ಲಿ ಮೋನೆ ತನ್ನ ಗೆಳೆಯ ಜೆಫ್ರುವಾಗೆ ಪತ್ರ ಬರೆದು, ಸೂರ್ಯ ಎಷ್ಟು ಬೇಗ ಇಳಿದುಹೋಗುತ್ತಾನೆಂದರೆ ಅವನ ಬೆನ್ನು ಹಿಡಿಯಲು ಆಗುತ್ತಿಲ್ಲ ಎಂದು ಗೋಳಾಡಿಕೊಂಡಿದ್ದನಂತೆ. ಬೆಂಚಿನ ಮೇಲೆ ಮಗಳು ಅದನ್ನು ಓದಿದಾಗ, ಇವನಿಗೆ ಬೇರೆ ಕೆಲಸವಿರಲಿಲ್ಲ ಎಂದುಕೊಂಡಿದ್ದೆ.

ನೆರಳು ಅಂಗಳದ ಮೇಪಲ್ ಮರದ ಬುಡ ಮುಟ್ಟಿತು. ನೀಲಿ ಇನ್ನಷ್ಟು ಗಾಢವಾಯಿತು, ಹಳದಿ ಇದ್ದಲ್ಲಿ ಗುಲಾಬಿ ಬಂತು. ಸೂರ್ಯ ಎದುರು ಮನೆಯ ಚಾವಣಿಯ ಹಿಂದಕ್ಕೆ ಜಾರಿದ. ಮಗಳು ಚಪ್ಪಲಿಯಲ್ಲೇ, ಶಾಲು ಹೊದ್ದು ಹೊರಗೆ ಬಂದಾಗ ಹಿಮವೆಲ್ಲ ಒಂದೇ ಬೂದು.

‘ಏನಪ್ಪಾ? ಏನಾಯಿತು?’

‘ನಿನ್ನ ಮೋನೆ ಇಲ್ಲೇ ಇದ್ದ. ಈಗಷ್ಟೇ ಹೋದ’ ಎಂದೆ.

ಅವಳು ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಡಬ್ಬಿಗಳನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಏನೂ ಕೇಳದೆ ದೊಡ್ಡ ಡಬ್ಬಿಯ ಹಿಡಿ ಹಿಡಿದಳು. ಚಿಕ್ಕದನ್ನು ನಾನು ಎಳೆದುಕೊಂಡು ಅವಳ ಹಿಂದೆ ನಡೆದೆ.